ಗೀಸರ್ ಕಾಲ

(ಪೀಣ್ಯ ಎರಡನೇ ಹಂತ, ಡಿಸೆಂಬರ್ ಬೆಳಗ್ಗೆ. ಓನರ್ ಮಂಕಿ ಕ್ಯಾಪಿನೊಳಗೆ, ಎಲೆಕ್ಟ್ರಿಷಿಯನ್ ಏಣಿಯ ಮೇಲೆ.)

ಓನರ್: 16 ಡಿಗ್ರಿ ಕಣಪ್ಪಾ! ಸಾಯೋ ಚಳಿ!

ಎಲೆಕ್ಟ್ರಿಷಿಯನ್: 1884ರ ಜನವರಿಲಿ ಬೆಂಗಳೂರು 7.8 ಡಿಗ್ರಿ ಕಂಡಿದೆ ಸಾರ್. ಆಗ ಫ್ಯೂಸ್ ಹೋಗ್ತಿರಲಿಲ್ಲ.

ಓನರ್: ಆಗ ಹಂಡೆ. ಈಗ ಮೂರು ಮನೆಗೆ ಮೂರು ಗೀಸರ್, ಮೇಲಿನ ಹುಡುಗರಿಗೆ ರೂಮ್ ಹೀಟರ್ ಬೇರೆ. ಏಳು ಗಂಟೆಗೆ ಎಂಸಿಬಿ ಬೀಳುತ್ತೆ. 63 ಆಂಪಿಯರ್‌ದು ಜಡಿದುಬಿಡು.

ಎಲೆಕ್ಟ್ರಿಷಿಯನ್: ವೈರ್?

ಓನರ್: ಹಳೇದೇ. ಗೃಹಪ್ರವೇಶದ್ದು, ಗಟ್ಟಿ ಮಾಲು.

(ಮನೆ ಕಟ್ಟಿಸಿದವರಿಗೆಲ್ಲ ವೈರೂ ಗೋಡೆಯಷ್ಟೇ ಬಾಳುತ್ತದೆಂಬ ನಂಬಿಕೆ.)

ಎಲೆಕ್ಟ್ರಿಷಿಯನ್: ಹಾಗಾದ್ರೆ ಎಂಸಿಬಿ ಬೀಳಲ್ಲ, ಗೋಡೆಯೊಳಗೆ ವೈರ್ ಬೇಯುತ್ತೆ. ಮನೆ ಬೆಚ್ಚಗಿರುತ್ತೆ.

ಓನರ್: ತಮಾಷೆ ಸಾಕು. ಈ ಪ್ಲಗ್ ಯಾಕೆ ಕರಕಲು?

ಎಲೆಕ್ಟ್ರಿಷಿಯನ್: 2000 ವಾಟ್ ಹೀಟರ್ ಹತ್ತಿರಹತ್ತಿರ 9 ಆಂಪಿಯರ್ ಎಳೆಯುತ್ತೆ. ಸಾಕೆಟ್ 6ರದ್ದು. 16ರದ್ದು ಬೇಕು, ಅದಕ್ಕೆ ಬೇರೆ ಲೈನೇ ಎಳೀಬೇಕು.

ಓನರ್: ಅರ್ಥಿಂಗ್ ಇದೆಯಲ್ಲಾ?

ಎಲೆಕ್ಟ್ರಿಷಿಯನ್: ಇತ್ತು. ಗುಂಡಿ ಮೇಲೆ ಪಾರ್ಕಿಂಗ್ ಟೈಲ್ಸ್ ಹಾಕ್ಸಿದ್ರಲ್ಲಾ, ಆವತ್ತೇ ತಂತಿ ಕತ್ತರಿಸಿದ್ದಾರೆ. ಅದನ್ನ ಸರಿಮಾಡಿಸಿ, ಒಂದು ಆರ್‌ಸಿಸಿಬಿನೂ ಹಾಕ್ಸಿ. 30 ಮಿಲಿಆಂಪಿಯರ್ ಸೋರಿದ್ರೆ ಕಟ್ ಆಗುತ್ತೆ, ಜೀವ ಉಳಿಯುತ್ತೆ.

ಓನರ್: ಸಾವಿರಾರು ರೂಪಾಯಿ! ಬಚ್ಚಲಿಗೆ ಹೊಸ ಷವರ್ ಹಾಕ್ಸಿ ಕೈ ಖಾಲಿ ಮಾರಾಯ. ಗೃಹಜ್ಯೋತಿಲಿ 200 ಯೂನಿಟ್‌ವರೆಗೆ ಕರೆಂಟೇ ಫ್ರೀ, ನಿಂದೇನು ಇಷ್ಟು?

ಎಲೆಕ್ಟ್ರಿಷಿಯನ್: ಶಾಕೂ ಫ್ರೀನೇ ಸಾರ್.

(ಮೇಲಿನಿಂದ ಕೂಗು.) ಅಂಕಲ್! ನಲ್ಲಿ ಮುಟ್ಟಿದ್ರೆ ಜುಮ್ ಅಂತಿದೆ!

ಓನರ್: ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಪ್ಪಾ!