ಕಂಪ್ಯೂಟರ್ ಭಾವನ ಹೊಸ ವರ್ಷ

ಕುಮಟೆಯಿಂದ ಭಟ್ಕಳದವರೆಗೆ ಹೆದ್ದಾರಿ 66ರ ಯಾವ ಪೇಟೆಯಲ್ಲಿ ಇಳಿದರೂ ಒಬ್ಬ ಕಂಪ್ಯೂಟರ್ ಭಾವ ಇದ್ದೇ ಇರುತ್ತಾನೆ. ಅವನ ಸ್ವಂತ ಹೆಸರು ಯಾರಿಗೂ ಬೇಕಾಗಿಲ್ಲ. ಬೋರ್ಡಿನ ಮೇಲಿರುವುದು ಮಗಳ ಹೆಸರು, ಅದರ ಬಾಲಕ್ಕೆ 'ಇನ್ಫೋಟೆಕ್'. ಕೆಳಗೆ ಸಿಸಿಟಿವಿ, ಇನ್ವರ್ಟರ್, ಪಹಣಿ ಪ್ರಿಂಟ್, ಲಗ್ನಪತ್ರಿಕೆ, ಲ್ಯಾಮಿನೇಶನ್.

ನಮ್ಮ ಭಾವನ ಅಂಗಡಿ ಹೊನ್ನಾವರದಲ್ಲಿ. ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಕುಮಟೆಯ ಅಡಿಕೆ ವ್ಯಾಪಾರಿಗಳ ಟ್ಯಾಲಿ. ದಕ್ಷಿಣಕ್ಕೆ ಅದರ ಎರಡರಷ್ಟು ಹೋದರೆ ಭಟ್ಕಳದ ಕ್ಯಾಮೆರಾಗಳು. ಹೊಳೆಗದ್ದೆಯ ಟೋಲ್ ಗೇಟಿನಲ್ಲಿ ಬೈಕಿಗೆ ದುಡ್ಡಿಲ್ಲ. ತನ್ನ ಉದ್ದಿಮೆಗೆ ಸರಕಾರ ಕೊಟ್ಟ ಸಬ್ಸಿಡಿ ಅದೊಂದೇ ಎನ್ನುತ್ತಾನೆ.

ಡಿಸೆಂಬರ್ 31ರ ರಾತ್ರಿ ಅರ್ಧ ಶಟರ್ ಎಳೆದು ಅವನು ಒಂದು ಎಕ್ಸೆಲ್ ಫೈಲು ತೆರೆಯುತ್ತಾನೆ. ಹೆಸರು 'ಹೊಸವರ್ಷ_ಫೈನಲ್_7'. ಒಳಗೆ ಮೂರೇ ಸಾಲು: ಉದ್ರಿ ಬಂದ್. ರಾತ್ರಿ ಎಂಟರ ಮೇಲೆ ಫೋನ್ ಎತ್ತುವುದಿಲ್ಲ. ಮನೆಯ ವೈಫೈ ಸರಿ ಮಾಡುವುದು. ವರ್ಷದ ಅಂಕಿ ತಿದ್ದಿ ಸೇವ್ ಮಾಡುತ್ತಾನೆ, ಪೆನ್‌ಡ್ರೈವಿಗೊಂದು ಬ್ಯಾಕಪ್ಪೂ ತೆಗೆಯುತ್ತಾನೆ. ಸಂಕಲ್ಪ ಮುರಿಯಬಹುದು, ಕಳೆಯಬಾರದು. ಜನವರಿಗೆ ತಪ್ಪಿದರೆ ಯುಗಾದಿ ಇದೆ, ಲೆಕ್ಕಪತ್ರದ ಏಪ್ರಿಲ್ 1 ಇದೆ, ದೀಪಾವಳಿಯ ಅಂಗಡಿಪೂಜೆ ಇದೆ. ವರ್ಷಕ್ಕೆ ನಾಲ್ಕು ಹೊಸ ವರ್ಷ ಇರುವವನಿಗೆ ಅವಸರವಾದರೂ ಯಾಕೆ?

ಉದ್ರಿ ಬೆಳೆಯುವುದು ಅವನ ವಿದ್ಯೆಯಿಂದಲೇ. ಕಡಲ ಉಪ್ಪುಗಾಳಿಗೆ ರ‍್ಯಾಮಿನ ಹಲ್ಲಿಗೆ ಕಿಲುಬು ಹತ್ತುತ್ತದೆ, ಕಂಪ್ಯೂಟರ್ ಕುಂಯ್ ಕುಂಯ್ ಎಂದು ಮಲಗುತ್ತದೆ. ಮದ್ದು ಶಾಲೆ ಮಕ್ಕಳ ರಬ್ಬರು. ತೆಗೆದು, ತಿಕ್ಕಿ, ಸಿಕ್ಕಿಸಿದರೆ ಮುಗಿಯಿತು. ಮೊದಮೊದಲು ಗಿರಾಕಿಯ ಎದುರೇ ತಿಕ್ಕುತ್ತಿದ್ದ. "ಐದು ರೂಪಾಯಿ ರಬ್ಬರಿಗೆ ಮುನ್ನೂರು ರೂಪಾಯಿಯನಾ?" ಎಂದು ಕೇಳಿಸಿಕೊಂಡ ಮೇಲೆ ಅಂಗಡಿಯ ಹಿಂದೆ ಒಂದು ಪರದೆ ಕಟ್ಟಿದ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ತಾಲೂಕಿನವನು. ಚೌಕಿಯೊಳಗೆ ಬಣ್ಣ ಬಳಿಯುವುದು ಕಾಣದಿದ್ದರೇ ವೇಷಕ್ಕೆ ಬೆಲೆ ಎಂದು ಅವನಿಗೆ ಗೊತ್ತು. ಈಗ ಪರದೆಯ ಹಿಂದೆ ಅರ್ಧ ಗಂಟೆ ಚಾ ಕುಡಿದು ಬೆವರು ಒರೆಸುತ್ತ ಹೊರಗೆ ಬರುತ್ತಾನೆ. ಮುನ್ನೂರಕ್ಕೆ ಎಲ್ಲರೂ ಒಪ್ಪುತ್ತಾರೆ. ಕೊಡುವುದು ಮಾತ್ರ ಮಗೆಕಾಯಿ. (ನಾನು ಕೊಟ್ಟದ್ದು ಎರಡು.)

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ನಿಂತಿತಲ್ಲ, ಆಗ ಭಾವನಿಗೆ ಒಂದು ಆಸೆ ಹುಟ್ಟಿತ್ತು. ಹಳೇ ಡಬ್ಬಿಗಳೆಲ್ಲ ಬದಲಾಗಬೇಕು, ಹತ್ತು ವರ್ಷದ ವ್ಯಾಪಾರ ಒಂದೇ ಚಳಿಗಾಲದಲ್ಲಿ! ಹಳ್ಳಿಯ ಸೊಸೈಟಿಗೆ ಹೋಗಿ ವಿಷಯ ವಿವರಿಸಿದ. ಸೆಕ್ರೆಟರಿಯವರು ಕವಳ ಒಂದು ದವಡೆಗೆ ಸರಿಸಿ ಶಾಂತವಾಗಿ ಹೇಳಿದರು: "ತಮಾ, ಅವ್ವು ನಿಲ್ಸಿರೆ ಎಂತಾತು? ನೀ ಇದ್ಯಲಾ!"

ಭಾವ ಉಬ್ಬಿಹೋದ. ಅವತ್ತಿನ ಸರ್ವಿಸ್ ಚಾರ್ಜನ್ನೂ ಕೇಳಲಿಲ್ಲ.

ಮನೆಯ ಕತೆ ಬೇರೆ. ಅಡಿಕೆ ಚೀಲ ಇಡುತ್ತಿದ್ದ ಅಟ್ಟದಲ್ಲಿ ಈಗ ಸತ್ತ ಮಾನಿಟರುಗಳು, ಉಪ್ಪಿನಕಾಯಿ ಭರಣಿಯ ಪಕ್ಕ. ಚಳಿಗಾಲದಲ್ಲಿ ಆಯಿ ಹಾಲಿಗೆ ಹೆಪ್ಪು ಹಾಕಿ ಯುಪಿಎಸ್ ಮೇಲಿಡುತ್ತಾರೆ. ಬಿಸಿಗೆ ಮೊಸರು ಗಟ್ಟಿಯಾಗುತ್ತದಂತೆ. ಮಗನ ವ್ಯಾಪಾರದಿಂದ ಮನೆಗೆ ಕಣ್ಣಿಗೆ ಕಾಣುವ ಲಾಭ ಅದೊಂದೇ ಎಂದು ಅವರ ಅಭಿಪ್ರಾಯ. ವೈಫೈ ಜಗಲಿಯವರೆಗೆ ಬರುತ್ತದೆ, ಹೊಸ್ತಿಲು ದಾಟುವುದಿಲ್ಲ. ಮಗಳು ಆನ್‌ಲೈನ್ ಪಾಠಕ್ಕೆ ತುಳಸಿಕಟ್ಟೆಯ ಹತ್ತಿರ ಕೂರುತ್ತಾಳೆ. ಚೌತಿಯಲ್ಲಿ ಒಡೆದ ಮೊಬೈಲ್ ಗಾಜನ್ನು ಗಂಡ ಹಾಕಿಸಿಯಾನೆಂದು ದೀಪಾವಳಿಯವರೆಗೆ ಕಾದ ಹೆಂಡತಿ, ಕಡೆಗೆ ಪಕ್ಕದ ಬೀದಿಯ ಪ್ರತಿಸ್ಪರ್ಧಿಯ ಅಂಗಡಿಗೇ ಹೋದಳು. ರೊಕ್ಕ ಕೊಟ್ಟು ಬಿಲ್ ತಂದು ಫ್ರಿಜ್ಜಿಗೆ ಅಂಟಿಸಿದಳು. ಅದು ಇನ್ನೂ ಅಲ್ಲೇ ಇದೆ.

ಈ ಸಲ ಮಾತ್ರ ಭಾವ ಗಟ್ಟಿ ಮನಸ್ಸು ಮಾಡಿದ್ದ. ಹನ್ನೆರಡಕ್ಕೆ ಪೇಟೆಯಲ್ಲಿ ಪಟಾಕಿ ಸಿಡಿದಾಗ ಫೋನು ಅಕ್ಕಿ ಡಬ್ಬದ ಮೇಲೆ ಕವುಚಿ ಮಲಗಿತ್ತು. ಆದರೆ ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಹನ್ನೆರಡು ಹೊಡೆದಾಗ ಇಲ್ಲಿ ಒಂದೂವರೆ. ಸರಿಯಾಗಿ ಒಂದೂವರೆಗೆ ಅಕ್ಕಿ ಡಬ್ಬ ನಡುಗಿತು.

"ಭಟ್ರೇ, ಹೊಸ ವರ್ಷದ ಶುಭಾಶಯ! ಮಲಗಿದ್ರಾ? ಏನಿಲ್ಲ, ಭಟ್ಕಳದ ಮನೆಯ ಮೂರನೇ ಕ್ಯಾಮೆರಾ ಪೂರಾ ಬೆಳ್ಳಗೆ ಕಾಣ್ತಾ ಇದೆ."

ಬೆಳಿಗ್ಗೆ ಎಂಟಕ್ಕೆ ಭಾವ ಭಟ್ಕಳದಲ್ಲಿ ಏಣಿಯ ಮೇಲಿದ್ದ. ಕ್ಯಾಮೆರಾದ ಮೂತಿಗೆ ಜೇಡ ಬಲೆ ಕಟ್ಟಿತ್ತು. ರಾತ್ರಿ ಇನ್‌ಫ್ರಾರೆಡ್ ಬೆಳಕು ಬಿದ್ದರೆ ಬಲೆ ಮಂಜಿನ ಹಾಗೆ ಹೊಳೆಯುತ್ತದೆ. ಕಸಬರಿಗೆಯಲ್ಲಿ ಒಂದು ಸಲ ಸವರಿದ. ಇಲ್ಲಿ ಪರದೆ ಕಟ್ಟುವಂತಿಲ್ಲ. ಗಿರಾಕಿ ದುಬೈಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಾರೆ.

"ಎಷ್ಟಾಯ್ತು ಭಟ್ರೇ?"

ಐನೂರು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಕೈಯಲ್ಲಿ ಕಸಬರಿಗೆ ಇತ್ತು.

"ಇರಲಿ ಬಿಡಿ, ಹೊಸ ವರ್ಷ ಅಲ್ವಾ" ಎಂದ, ಮೂರನೇ ಕ್ಯಾಮೆರಾಕ್ಕೆ ಮುಖ ಕೊಟ್ಟು, ಸ್ಪಷ್ಟವಾಗಿ, ರೆಕಾರ್ಡ್ ಆಗುವ ಹಾಗೆ.