ಕುದುರೆ ಒಪ್ಪಿದ ಗಂಡು

ಇಂಥವಳು ಈಗ ಅಪಾರ್ಟ್‌ಮೆಂಟಿಗೊಬ್ಬಳು ಇದ್ದಾಳೆ. ವಯಸ್ಸು ಇಪ್ಪತ್ತೈದರ ಆಸುಪಾಸು, ಕೆಲಸ ಮಾರತ್‌ಹಳ್ಳಿ ಕಡೆಯ ಯಾವುದೋ ಗಾಜಿನ ಕಟ್ಟಡದಲ್ಲಿ. ರಸ್ತೆಯಲ್ಲಿ ಹಸು ಅಡ್ಡ ಬಂದರೆ ಆಟೋದೊಳಗೆ ಕೂತಲ್ಲೇ ಕಾಲು ಮೇಲೆತ್ತಿಕೊಳ್ಳುತ್ತಾಳೆ. ಆದರೆ ಅಮೆರಿಕದ ವಯೋಮಿಂಗ್‌ನಲ್ಲಿ ಯಾವ ಕುದುರೆ ಯಾಕೆ ಮುನಿಸಿಕೊಂಡಿದೆ, ಯಾರು ಬಂದು ಕುತ್ತಿಗೆ ಸವರಿದರೆ ಸರಿಹೋಗುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕಪಾಟಿನ ಮುಂದಿನ ಸಾಲಿನಲ್ಲಿ ಎಂಜಿನಿಯರಿಂಗ್ ಪುಸ್ತಕಗಳು, ಅವುಗಳ ಹಿಂದೆ ಸಾಲಾಗಿ ಕೌಬಾಯ್‌ಗಳು. ಪ್ರತಿ ಪುಸ್ತಕದ ಅಂಚಿನಲ್ಲೂ ಬಣ್ಣಬಣ್ಣದ ಚೀಟಿಗಳು: ಗುಲಾಬಿ ಇದ್ದರೆ ಪ್ರೇಮ, ನೀಲಿ ಇದ್ದರೆ ಅಳು, ಕೆಂಪು ಇದ್ದರೆ ಮನೆಯವರ ಮುಂದೆ ತೆರೆಯಬಾರದ ಪುಟ. ಸಿಇಟಿಗೆ ಓದುವಾಗ ಇಷ್ಟು ಶಿಸ್ತು ಇರಲಿಲ್ಲ ಎಂದು ಅವಳ ತಾಯಿಯೇ, ಅಂದರೆ ನನ್ನ ಅಕ್ಕನೇ, ಸಾಕ್ಷಿ ಹೇಳುತ್ತಾಳೆ.

ಹೌದು, ನಾನು ಆ ಹುಡುಗಿಯ ಸೋದರಮಾವ. ಈ ವಿಷಯದಲ್ಲಿ ನನ್ನದೂ ಒಂದು ತಕರಾರಿದೆ, ಮುಂದೆ ಬರುತ್ತದೆ.

ಈ ಪುಸ್ತಕಗಳ ಮುಖಪುಟ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹಿಂದೆ ಇಂಥವುಗಳ ಮೇಲೆ ಅಂಗಿ ಬಿಚ್ಚಿದ ಗಂಡಸೊಬ್ಬ ನಿಂತಿರುತ್ತಿದ್ದ, ಹಾಗಾಗಿ ಹಿರಿಯರಿಗೆ ಕಸಿದುಕೊಳ್ಳಲು ಅನುಕೂಲವಿತ್ತು. ಈಗ ಮಿಠಾಯಿ ಬಣ್ಣದ ಚಿತ್ರಗಳು, ಒಂದು ಟೋಪಿ, ಒಂದು ಜೊತೆ ಬೂಟು. ಅಕ್ಕ ಬಹಳ ಕಾಲ ಇವನ್ನು ಮಕ್ಕಳ ಪುಸ್ತಕ ಎಂದೇ ನಂಬಿ, 'ಇಷ್ಟು ದೊಡ್ಡವಳಾದರೂ ಕುದುರೆ ಕಥೆ ಓದ್ತಾಳೆ ಪಾಪ' ಎಂದು ಮರುಗುತ್ತಿದ್ದಳು.

ಇವಕ್ಕೆ 'ನ್ಯೂ ಅಡಲ್ಟ್' ಎಂದು ಹೆಸರು. 2009ರಲ್ಲಿ ಅಮೆರಿಕದ ಸೇಂಟ್ ಮಾರ್ಟಿನ್ಸ್ ಪ್ರೆಸ್ ಎಂಬ ಪ್ರಕಾಶನ ಸಂಸ್ಥೆ ಒಂದು ಸ್ಪರ್ಧೆ ಕರೆದಾಗ ಈ ಹೆಸರು ಚಾಲ್ತಿಗೆ ಬಂತು. ಹದಿನೆಂಟು ದಾಟಿದೆ, ಮೂವತ್ತು ಮುಟ್ಟಿಲ್ಲ, ಸಂಬಳ ಬರುತ್ತದೆ, ತಿಂಗಳ ಕೊನೆಗೆ ಉಳಿಯುವುದಿಲ್ಲ ಎನ್ನುವ ವಯಸ್ಸಿನವರ ಕಥೆಗಳು. ಅಮೆರಿಕದವರು ಅಷ್ಟರ ಮಟ್ಟಿಗೆ ಉದಾರಿಗಳು. ನಮ್ಮಲ್ಲಿ ಮದುವೆಯಾಗುವವರೆಗೆ ಮಗು, ಆದ ಮರುದಿನವೇ ಮಗು ಯಾವಾಗ.

ಕಥೆಯ ಅಚ್ಚು ಬಹುಮಟ್ಟಿಗೆ ಒಂದೇ. ಒಂದು ಪುಟ್ಟ ಊರು, ಊರಿಗೊಂದೇ ಬಾರು, ಬಾರಿನಲ್ಲಿ ಎಲ್ಲರಿಗೂ ಎಲ್ಲರ ವಿಷಯವೂ ಗೊತ್ತು. ಪೇಟೆಯಲ್ಲಿ ಕೆಲಸವನ್ನೋ ಪ್ರಿಯಕರನನ್ನೋ ಕಳೆದುಕೊಂಡ ಹುಡುಗಿ ಪೆಟ್ಟಿಗೆ ಹಿಡಿದು ಬರುತ್ತಾಳೆ. ಅಲ್ಲಿ ಆರಡಿ ಮೂರಂಗುಲದ ಒಬ್ಬ ಗಂಡಸು. ಮಾತು ಕಡಿಮೆ, ಜಮೀನು ಜಾಸ್ತಿ, ಯಾವುದೋ ಹಳೆಯ ನೋವು. ಜೊತೆಗೆ ಯಾರನ್ನೂ ಹತ್ತಿರ ಸೇರಿಸದ ಒಂದು ಕುದುರೆ. ಲೈಲಾ ಸೇಜ್ ಬರೆದ 'ಡನ್ ಅಂಡ್ ಡಸ್ಟೆಡ್' 2023ರದು. ಅದರ ನಾಯಕಿ ಮೂರು ಪೀಪಾಯಿಗಳ ಸುತ್ತ ಕುದುರೆ ಓಡಿಸುವ ಬ್ಯಾರಲ್ ರೇಸಿಂಗ್‌ನವಳು. ಕುದುರೆಯಿಂದ ಬಿದ್ದು, ಮತ್ತೆ ಹತ್ತಲು ಧೈರ್ಯ ಸಾಲದೆ ಊರಿಗೆ ಮರಳುತ್ತಾಳೆ. ಕೆನಡಾದ ಎಲ್ಸಿ ಸಿಲ್ವರ್ ಅವರ 'ಫ್ಲಾಲೆಸ್' ಕಾದಂಬರಿಯ ನಾಯಕ ಗೂಳಿಯ ಬೆನ್ನೇರುವವನು. ಆ ಆಟದಲ್ಲಿ ಎಂಟು ಸೆಕೆಂಡು ಕೂತಿದ್ದರೆ ಸಾಕು, ಅಂಕ. ಎಂಟು ಸೆಕೆಂಡಿನ ಕೆಲಸಕ್ಕೆ ನಾನೂರು ಪುಟದ ಪ್ರೇಮ.

ರೇಸ್ ಕುದುರೆಯ ಕಥೆಗಳಲ್ಲಿ ಲೇಖಕಿಯರಿಗೆ ಒಂದು ಕಷ್ಟವಿದೆ, ಅದನ್ನವರು ದಾಟುವ ರೀತಿ ನನಗೆ ಬಹಳ ಇಷ್ಟ. ಜಾಕಿಯ ತೂಕ ಐವತ್ತು ಕಿಲೋ ಚಿಲ್ಲರೆಯಲ್ಲೇ ಇರಬೇಕು. ನಾಯಕನಾದರೋ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರುವ ಗಾತ್ರದವನು. ಅವನನ್ನು ಹತ್ತಿಸಿದರೆ ಕುದುರೆ ಕೊನೆಯದಾಗಿ ಬರುತ್ತದೆ, ಓದುಗರು ಪುಸ್ತಕ ಮುಚ್ಚುತ್ತಾರೆ. ಹಾಗಾಗಿ ಎಲ್ಸಿ ಸಿಲ್ವರ್ ತಮ್ಮ 'ಎ ಫೋಟೋ ಫಿನಿಶ್' ಕಾದಂಬರಿಯಲ್ಲಿ ಹುಡುಗಿಯನ್ನೇ ಜಾಕಿ ಮಾಡಿದರು. 'ಆಫ್ ಟು ದ ರೇಸಸ್'ನಲ್ಲಿ ಹುಡುಗಿ ತರಬೇತಿ ಕೊಡುವವಳು, ಗಂಡು ಲಾಯದ ಯಜಮಾನ. ಕುದುರೆ ಓಡುತ್ತದೆ, ಹುಡುಗಿ ಗೆಲ್ಲುತ್ತಾಳೆ, ಅವನು ಬೇಲಿಗೆ ಒರಗಿ ನಿಂತು ಚೆನ್ನಾಗಿ ಕಾಣುತ್ತಾನೆ.

ಇವೆಲ್ಲ ಹೊಸ ಕಾಲದ ಹುಚ್ಚು ಎನ್ನುವವರಿಗೆ ಜಿಲ್ಲಿ ಕೂಪರ್ ಗೊತ್ತಿಲ್ಲ. ಆ ಬ್ರಿಟಿಷ್ ಲೇಖಕಿಯ 'ರೈಡರ್ಸ್' 1985ರಲ್ಲೇ ಬಂತು, ಕುದುರೆ ಜಿಗಿಸುವ ಶ್ರೀಮಂತರ ಪ್ರಣಯ, ಜಗಳ, ವಂಚನೆಗಳ ದೊಡ್ಡ ಗಂಟು. ಅದರ ಹಸ್ತಪ್ರತಿಯನ್ನು ಎಷ್ಟೋ ವರ್ಷ ಮೊದಲೇ ಬರೆದಿದ್ದ ಕೂಪರ್ ಊಟಕ್ಕೆ ಹೋಗುವಾಗ ಜೊತೆಗೊಯ್ದು ಲಂಡನ್ನಿನ ಬಸ್ಸಿನಲ್ಲಿ ಬಿಟ್ಟರು. ಪತ್ರಿಕೆಯಲ್ಲಿ ಮನವಿ ಮಾಡಿದರೂ ಸಿಗಲಿಲ್ಲ. ಮತ್ತೆ ಬರೆಯಲು ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಇದನ್ನು ಕೇಳಿದಾಗ ನನ್ನ ಸೊಸೆಯ ಕಣ್ಣಲ್ಲಿ ನೀರು. ನನಗೆ ಮಾತ್ರ ಆ ಬಸ್ಸಿನ ಕಂಡಕ್ಟರ್ ನೆನಪಾಗುತ್ತಾನೆ. ಅವನು ಅದನ್ನು ಓದುತ್ತಾ ಎಷ್ಟು ಸ್ಟಾಪ್ ಕೂಗದೆ ಬಿಟ್ಟನೋ.

ನಮ್ಮಮ್ಮನಿಗೆ, ಅಂದರೆ ಹುಡುಗಿಯ ಅಜ್ಜಿಗೆ, ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಂಡಿಲ್ಲ. ಅವರು ತ್ರಿವೇಣಿ, ಎಂ.ಕೆ. ಇಂದಿರಾ ಓದಿ ಬೆಳೆದವರು, ವಾರಪತ್ರಿಕೆಯ ಧಾರಾವಾಹಿಗೆ ಗುರುವಾರದಿಂದ ಗುರುವಾರದವರೆಗೆ ಜೀವ ಹಿಡಿದು ಕಾದವರು. ಸೊಸೆ ಒಂದು ಮಧ್ಯಾಹ್ನ ಇಡೀ ಕಥೆ ಹೇಳಿದಳು. ಅಜ್ಜಿ ಅವರೆಕಾಯಿ ಸುಲಿಯುತ್ತಲೇ ಕೇಳಿ, 'ನಮ್ಮ ಕಾಲದಲ್ಲಿ ಇವನು ಚಿಕ್ಕಮಗಳೂರಿನಲ್ಲಿ ಇರ್ತಿದ್ದ ಕಣೇ, ಕಾಫಿ ಎಸ್ಟೇಟು, ಜೀಪು. ಈಗ ಕುದುರೆ ಕೊಡಿಸಿದ್ದಾರೆ' ಎಂದರು. ಆಮೇಲೆ ಮೊಮ್ಮಗಳ ಫೋನಿನಲ್ಲಿ ಪುಸ್ತಕದ ಹೆಸರಿನ ಮುಂದೆ ನಾಲ್ಕು ಕೆಂಪು ಮೆಣಸಿನಕಾಯಿಯ ಚಿತ್ರ ಕಂಡು, ಅದೇನೆಂದು ಕೇಳಿದರು. ಶೃಂಗಾರದ ಖಾರ ಎಷ್ಟಿದೆ ಎಂದು ಓದಿದವರು ಹಾಕುವ ಗುರುತು ಅದು. ಹುಡುಗಿ ತಡವರಿಸಿ, 'ಸ್ವಲ್ಪ ಸ್ಪೈಸಿ ಅಜ್ಜಿ' ಎಂದಳು.

'ಬ್ಯಾಡಗಿನೋ, ಗುಂಟೂರೋ?'

ಹುಡುಗಿ ತಬ್ಬಿಬ್ಬು.

'ಬ್ಯಾಡಗಿ ಆದರೆ ಬಣ್ಣ ಮಾತ್ರ. ನಾಲ್ಕಲ್ಲ, ಹತ್ತು ಹಾಕಿದರೂ ಏನೂ ಆಗಲ್ಲ' ಎಂದು ಅಜ್ಜಿ ಮತ್ತೆ ಅವರೆಕಾಯಿಗೆ ಮರಳಿದರು.

ಈಗ ನನ್ನ ತಕರಾರಿಗೆ ಬರುತ್ತೇನೆ. ಈ ಕಾದಂಬರಿಗಳಲ್ಲಿ ನಾಯಕಿಯ ಅಪ್ಪ ಇದ್ದರೂ ಲೆಕ್ಕಕ್ಕಿಲ್ಲ. ಅಣ್ಣ ಇದ್ದರೆ ಅವನ ಆಪ್ತಮಿತ್ರನೇ ನಾಯಕ, ಹಾಗಾಗಿ ಅವನಿಂದ ವಿಚಾರಣೆ ಸಾಧ್ಯವಿಲ್ಲ. ಜಾತಕ ತೋರಿಸುವುದಿಲ್ಲ, ಸಂಬಳದ ಚೀಟಿ ಕೇಳುವುದಿಲ್ಲ, ಗಂಡಿನ ಆಫೀಸಿಗೆ ಯಾರನ್ನೂ ಗುಟ್ಟಾಗಿ ಕಳಿಸುವುದಿಲ್ಲ. ಹಾಗಾದರೆ ಈ ಗಂಡು ಒಳ್ಳೆಯವನು ಎಂದು ಗೊತ್ತಾಗುವುದು ಹೇಗೆ? ಕುದುರೆಯಿಂದ. ಯಾರನ್ನೂ ಹತ್ತಿರ ಬಿಡದ ಆ ಕುದುರೆ ಒಂದು ಸಂಜೆ ಹೋಗಿ ಅವನ ಎದೆಗೆ ಹಣೆ ಒತ್ತುತ್ತದೆ, ಮುಗಿಯಿತು, ಮಾತುಕತೆ ಪಕ್ಕಾ. ಮೊದಲ ಅಧ್ಯಾಯದಲ್ಲಿ ಬರುವ ಪೇಟೆಯ ಪ್ರಿಯಕರನನ್ನು ಕಂಡರೆ ಅದೇ ಕುದುರೆ ಕಿವಿ ಹಿಂದಕ್ಕೆ ಮಡಚುತ್ತದೆ, ಅಲ್ಲಿಗೆ ಆ ಸಂಬಂಧ ರದ್ದು. ಗಂಡಿನ ಗುಣ ಪರೀಕ್ಷೆ ಮಾಡುವುದು, ಮೂಗು ಮುರಿಯುವುದು, ಕೊನೆಗೆ ದೊಡ್ಡ ಮನಸ್ಸು ಮಾಡಿ ಒಪ್ಪುವುದು, ಇವೆಲ್ಲ ನಮ್ಮಲ್ಲಿ ಸೋದರಮಾವನ ಹಕ್ಕು. ತಲೆಮಾರುಗಳಿಂದ ಬಂದ ಹುದ್ದೆಯನ್ನು ನಾಲ್ಕು ಕಾಲಿನ ಪ್ರಾಣಿಯೊಂದು ಅರ್ಜಿಯನ್ನೂ ಹಾಕದೆ ಹೊಡೆದುಕೊಂಡಿದೆ.

ಇದು ಬರೀ ಪುಸ್ತಕದಲ್ಲೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಮ್ಮ ಹುಡುಗಿ ಯಲಹಂಕದಾಚೆ ಒಂದು ಸವಾರಿ ಶಾಲೆಗೆ ಸೇರಿದಳು. ಬೆಂಗಳೂರಿನಲ್ಲಿ ಕುದುರೆಗೆ ಬರವೇನಿಲ್ಲ. ರೇಸ್‌ಕೋರ್ಸ್ ಊರ ನಡುವೆಯೇ ಇದೆ, ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಸ್ಟಡ್ ಫಾರ್ಮ್ ಹೆದ್ದಾರಿ ಹಿಡಿದರೆ ಸಿಗುತ್ತದೆ. ಇದೇ ಊರಿನ ಫೌವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದರು. ಕುದುರೆ ಸವಾರಿಯಲ್ಲಿ ನಮ್ಮವರೊಬ್ಬರಿಗೆ ವೈಯಕ್ತಿಕ ಪದಕ ಬಂದದ್ದು 1982ರ ನಂತರ ಅದೇ ಮೊದಲು. ಸೊಸೆ ಸೇರಿದ್ದು ಪದಕಕ್ಕಲ್ಲ, ಬೂಟಿಗೆ. ಮೊದಲು ಬೂಟು ಬಂತು, ಆಮೇಲೆ ಟೋಪಿ, ಆಮೇಲೆ ಶಾಲೆ.

ಕಾದಂಬರಿಯ ಹುಡುಗಿ ಹಗಲಿಡೀ ಸವಾರಿ ಮಾಡಿ ರಾತ್ರಿ ಬಾರಿನಲ್ಲಿ ಕುಣಿಯುತ್ತಾಳೆ. ನಮ್ಮವಳು ಮುಕ್ಕಾಲು ಗಂಟೆ ಜೀನಿನ ಮೇಲೆ ಎದ್ದು ಕೂತು, ಎದ್ದು ಕೂತು, ಮನೆಗೆ ಬಂದವಳು ಸೋಫಾದಿಂದ ಏಳಲು ನನ್ನ ಕೈ ಕೇಳಿದಳು. ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ಸೋಮಾರಿಗಳನ್ನು ಕುರಿತದ್ದು ಎಂದು ನಾವೆಲ್ಲ ತಿಳಿದಿದ್ದೆವು. ಅದು ವೈದ್ಯಕೀಯ ಸತ್ಯ. ಅಜ್ಜಿ ನೋವಿನೆಣ್ಣೆ ಬಿಸಿ ಮಾಡಿಕೊಟ್ಟರು, ರಾತ್ರಿಗೆ ಹುರುಳಿ ಕಟ್ಟಿನ ಸಾರು ಮಾಡಿ, 'ಇದನ್ನೇ ಅಲ್ವಾ ಕುದುರೆಗೂ ಹಾಕೋದು? ತಿನ್ನು, ಶಕ್ತಿ ಬರುತ್ತೆ' ಎಂದು ಬಡಿಸಿದರು.

ಡ್ರೈವರ್ ಕೆಲಸ ನನ್ನದಾದ್ದರಿಂದ ಆ ಲಾಯವನ್ನು ಹತ್ತಿರದಿಂದ ನೋಡಿದ್ದೇನೆ. ಒಂದು ಕುದುರೆ ದಿನಕ್ಕೆ ಹತ್ತಿರಹತ್ತಿರ 20 ಕಿಲೋ ಲದ್ದಿ ಹಾಕುತ್ತದೆ. ಕಾದಂಬರಿಯ ನಾಯಕನೂ ಲಾಯ ಗುಡಿಸುತ್ತಾನೆ, ಅಂಗಿ ಇಲ್ಲದೆ ಗುಡಿಸುತ್ತಾನೆ, ಆದರೆ ಅವನ ಮೈಯಿಂದ ಬರುವುದು ದೇವದಾರು ಮರದ ವಾಸನೆ. ಇಲ್ಲಿ ಗುಡಿಸುವ ಸೈಸ್‌ಗೆ ಐವತ್ತೈದು ದಾಟಿದೆ, ಕಾಲಿಗೆ ರಬ್ಬರ್ ಬೂಟು, ಹೆಗಲಿಗೂ ಕಿವಿಗೂ ನಡುವೆ ಫೋನು. ಅವನು ಗ್ಯಾಸ್ ಸಿಲಿಂಡರ್ ಯಾಕೆ ಬಂದಿಲ್ಲ ಎಂದು ಯಾರನ್ನೋ ವಿಚಾರಿಸುತ್ತಲೇ ಕುದುರೆಯ ಪಕ್ಕ ನಿಂತು, ಭುಜ ಆನಿಸಿ, ಅಂಗೈಯನ್ನು ಮೊಣಕಾಲಿನಿಂದ ಕೆಳಕ್ಕೆ ಜಾರಿಸಿದ. ಕುದುರೆ ತಾನಾಗಿಯೇ ಕಾಲೆತ್ತಿ ಅವನ ಕೈಗಿಟ್ಟಿತು. ಗೊರಸಿನೊಳಗಿನ ಮಣ್ಣು, ಕಲ್ಲು ಎಲ್ಲ ಕೆದಕಿ ತೆಗೆದು, ಕಾಲನ್ನು ನಿಧಾನವಾಗಿ ಇಳಿಸಿ, ಮುಂದಿನ ಕಾಲಿಗೆ ಹೋದ. ನಾಲ್ಕನೆಯ ಕಾಲು ಮುಗಿಯುವಷ್ಟರಲ್ಲಿ ಸಿಲಿಂಡರ್ ಬುಕ್ ಆಗಿತ್ತು. ಇದೇ ದೃಶ್ಯಕ್ಕೆ ಪುಸ್ತಕದಲ್ಲಿ ಎರಡು ಪುಟ, ಎರಡರಲ್ಲೂ ಗುಲಾಬಿ ಚೀಟಿ. ಅವೇ ತಾಳ್ಮೆಯ ಕೈಗಳು ಎದುರಿಗೇ ಇದ್ದರೂ ನಮ್ಮ ಹುಡುಗಿ ಆ ಕಡೆ ತಿರುಗಿಯೂ ನೋಡದೆ ಸೆಲ್ಫಿಗೆ ಬೆಳಕು ಹುಡುಕುತ್ತಿದ್ದಳು.

ಅವಳ ಪಾಲಿಗೆ ಬಂದದ್ದು ರೇಸಿನಿಂದ ನಿವೃತ್ತವಾದ ಒಂದು ಕಂದು ಕುದುರೆ. ದಾಖಲೆಯಲ್ಲಿ ಅದಕ್ಕೆ ಮೂರು ಪದದ ಇಂಗ್ಲಿಷ್ ಹೆಸರು, ಸೈಸ್ ಬಾಯಲ್ಲಿ ರಾಜಾ.

ಅಷ್ಟರಲ್ಲಿ ಒಂದು ಸಂಬಂಧ ಬಂತು. ಹುಡುಗ ಹಾಸನದ ಕಡೆಯವನು, ವೈಟ್‌ಫೀಲ್ಡ್‌ನಲ್ಲಿ ಕೆಲಸ, ಐದಡಿ ಏಳಂಗುಲ, ಮಾತು ಸಾಕಷ್ಟು, ಜಮೀನು ಅಣ್ಣನ ಹೆಸರಲ್ಲಿ. ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತಿನ ಶಾಸ್ತ್ರ ಬೇಡ, ಕುದುರೆಯ ಹತ್ತಿರ ಭೇಟಿಯಾಗುತ್ತೇವೆ ಎಂದು ನಮ್ಮವಳು ಪಟ್ಟು ಹಿಡಿದಳು. ಅಕ್ಕ ಭಾವ ನನ್ನ ಮುಖ ನೋಡಿದರು. ನಾನೇನು ಹೇಳಲಿ, ಅಧಿಕಾರ ಕೈತಪ್ಪಿದವನು.

ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು ಹೇಳಿದ ಸಮಯಕ್ಕೆ ಬಂದ. ಮೊದಲು ನನ್ನನ್ನು ಪಕ್ಕಕ್ಕೆ ಕರೆದು, 'ಅಂಕಲ್, ಕಚ್ಚುತ್ತಾ?' ಎಂದು ಕೇಳಿದ. ಧೂಳಿನ ಅಲರ್ಜಿಗೆ ಮಾತ್ರೆ ನುಂಗಿಯೇ ಹೊರಟಿದ್ದನಂತೆ. ಜೇಬಿನಲ್ಲಿ ಒಂದು ಕ್ಯಾರೆಟ್ಟೂ ಇತ್ತು, ಅದರ ಮೇಲೆ ಸೂಪರ್ ಮಾರ್ಕೆಟ್ಟಿನ ಚೀಟಿ ಇನ್ನೂ ಅಂಟಿಕೊಂಡಿತ್ತು. ನನಗೆ ಹುಡುಗ ಅಲ್ಲೇ ಹಿಡಿಸಿಬಿಟ್ಟ, ಆದರೆ ನನ್ನನ್ನು ಕೇಳುವವರಾರು.

ಸೊಸೆ ಎದೆಯ ಮೇಲೆ ಕೈಕಟ್ಟಿ ನಿಂತು ಕುದುರೆಯ ಕಿವಿಗಳನ್ನೇ ನೋಡುತ್ತಿದ್ದಳು. ಮುಂದಕ್ಕೆ ನಿಮಿರಿದರೆ ಒಪ್ಪಿಗೆ, ಹಿಂದಕ್ಕೆ ಮಡಚಿದರೆ ಇಲ್ಲ. ಹುಡುಗ ಕ್ಯಾರೆಟ್ಟನ್ನು ಬೆರಳ ತುದಿಯಲ್ಲಿ ಹಿಡಿದು ಅದರ ಮೂತಿಯ ಹತ್ತಿರ ಒಯ್ದ. 'ಹಂಗಲ್ಲ ಸಾರ್, ಅಂಗೈ ಮೇಲಿಟ್ಟು ಕೊಡಿ, ಇಲ್ಲಾಂದ್ರೆ ಬೆರಳೂ ಕ್ಯಾರೆಟ್ಟೇ ಅಂದ್ಕೊಳ್ಳುತ್ತೆ' ಎಂದ ಸೈಸ್. ಹುಡುಗ ಕಣ್ಣು ಮುಚ್ಚಿಕೊಂಡು ಅಂಗೈ ಚಾಚಿದ. ರಾಜಾ ಕ್ಯಾರೆಟ್ಟನ್ನು ಚೀಟಿಯ ಸಮೇತ ತೆಗೆದುಕೊಂಡು, ಸಾವಕಾಶವಾಗಿ ಅಗಿದು, ಚೀಟಿಯನ್ನು ಮಾತ್ರ ಹೊರಕ್ಕೆ ಬಿಟ್ಟಿತು. ಆಮೇಲೆ ಹುಡುಗನನ್ನು ಒಮ್ಮೆ ನೋಡಿತು. ಎಲ್ಲರೂ ಉಸಿರು ಬಿಗಿಹಿಡಿದೆವು. ಅದರ ಕಿವಿಗಳು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ, ಪಕ್ಕಕ್ಕೆ ಇಳಿಬಿದ್ದವು. ಹಿಂಗಾಲೊಂದನ್ನು ಸಡಿಲ ಬಿಟ್ಟಿತು, ಕೆಳತುಟಿ ಜೋತಿತು, ರೆಪ್ಪೆ ಮುಚ್ಚಿತು. ನಿಂತಲ್ಲೇ ನಿದ್ದೆ.

ಸೊಸೆಯ ಮುಖ ನೋಡಬೇಕಿತ್ತು. ಎದೆಗೆ ಹಣೆ ಒತ್ತುವ ಕುದುರೆ ಅವಳಿಗೆ ಗೊತ್ತು, ಕಚ್ಚಿ ಓಡಿಸುವ ಕುದುರೆ ಗೊತ್ತು. ಗಂಡನ್ನು ನೋಡಿ ನಿದ್ದೆ ಮಾಡುವ ಕುದುರೆಯನ್ನು ಯಾವ ಲೇಖಕಿಯೂ ಬರೆದಿಲ್ಲ, ಅದಕ್ಕೆ ಯಾವ ಬಣ್ಣದ ಚೀಟಿಯೂ ಇಲ್ಲ. 'ನಂಬಿಕೆ ಇದ್ದರೆ ಮಾತ್ರ ಎದುರಿಗೆ ನಿದ್ದೆ ಮಾಡುತ್ತೆ ಅಲ್ವಾ?' ಎಂದು ಸೈಸ್‌ನನ್ನು ಕೇಳಿದಳು. 'ಇದು ಹತ್ತೂವರೆಗೆ ಹುಲ್ಲು ತಿಂತು ಮೇಡಂ, ಈಗ ಹನ್ನೊಂದು' ಎಂದ ಅವನು. ಹುಡುಗ ಅಷ್ಟರಲ್ಲಿ ನಾಲ್ಕು ಸಲ ಸೀನಿ, ಪ್ರತಿ ಸಲವೂ ಕುದುರೆಗೆ ಎಚ್ಚರವಾದೀತೆಂದು ಬಾಯಿಗೆ ಕೈ ಅಡ್ಡ ಹಿಡಿದ. ಅದನ್ನು ಅವಳು ನೋಡಿದಳೆಂದು ನನ್ನ ಅಂದಾಜು. ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರ್ ದಾಟುವವರೆಗೂ ತುಟಿ ಬಿಚ್ಚಲಿಲ್ಲ.

ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ಕಾದಿದ್ದರು. ಹುಡುಗ ಹೇಗಿದ್ದಾನೆ ಎಂದು ಕೇಳಲಿಲ್ಲ. ಮನೆಯ ಹೊಸ ಪದ್ಧತಿಯನ್ನು ಅವರು ನಮಗಿಂತ ಬೇಗ ಅರ್ಥ ಮಾಡಿಕೊಂಡಿದ್ದರು.

'ಕುದುರೆ ಏನಂತು?'

'ನಿದ್ದೆ ಮಾಡಿತು ಅಜ್ಜಿ.'

'ಒಳ್ಳೇದಾಯ್ತು ಬಿಡು. ನನ್ನನ್ನ ನೋಡೋಕೆ ಬಂದಾಗ ನಿಮ್ಮ ತಾತನ ಸೋದರಮಾವನೂ ಎರಡು ತಟ್ಟೆ ಉಪ್ಪಿಟ್ಟು ತಿಂದು ಗೋಡೆಗೆ ಒರಗಿ ಗೊರಕೆ ಹೊಡೆದಿದ್ದರು. ಅವರು ಏಳೋದರೊಳಗೆ ನಾವು ನಾವೇ ಮಾತಾಡಿ ಮುಗಿಸಿದ್ವಿ.'