ಕೋ-ಪೇ ಮೀಮಾಂಸೆ: ಸೂತ್ರ ಮತ್ತು ಭಾಷ್ಯ

ವಿಷಯ: ಬೆಂಗಳೂರಿನ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ರಿನ್ಯೂ ಆಗುವ ಗ್ರೂಪ್ ಮೆಡಿಕ್ಲೇಮ್. ಪ್ರಯೋಜನ: ಇನ್ನೂ ಸಂಶೋಧನೆಯ ಹಂತದಲ್ಲಿದೆ. ಅಧಿಕಾರಿ, ಎಂದರೆ ಈ ಶಾಸ್ತ್ರವನ್ನು ಓದಲು ಅರ್ಹನಾದವನು: ವಯಸ್ಸಾದ ತಂದೆತಾಯಿ ಉಳ್ಳ, ಅಟ್ಯಾಚ್‌ಮೆಂಟ್ ತೆರೆಯದೆ ‘ಐ ಅಗ್ರೀ’ ಒತ್ತಿದ ಸಕಲ ನೌಕರವರ್ಗ.

ಸೂತ್ರ 1: ಮೇಲ್ ಹಿಗ್ಗಿದಷ್ಟೂ ಪಾಲಿಸಿ ಕುಗ್ಗುವುದು.

ಭಾಷ್ಯ: ‘ನಿಮ್ಮ ಆರೋಗ್ಯವೇ ನಮ್ಮ ಆದ್ಯತೆ’ ಎಂದು ಎಚ್‌ಆರ್ ವಿಭಾಗ ರಿನ್ಯೂವಲ್ ಮೇಲ್‌ನಲ್ಲಿ ಬರೆದರೆ ಏನೋ ಒಂದು ಕೈಬಿಟ್ಟಿತೆಂದೇ ತಿಳಿಯತಕ್ಕದ್ದು. ಯೋಗ ವೆಬಿನಾರ್ ಸೇರಿದ್ದರೆ ರೂಮ್ ಬಾಡಿಗೆಗೆ ಮಿತಿ ಬಿದ್ದಿದೆ. ಹೆಜ್ಜೆ ಎಣಿಸುವ ಆ್ಯಪ್ ಸೇರಿದ್ದರೆ ಅಪ್ಪ ಅಮ್ಮ ಹೊರಬಿದ್ದಿದ್ದಾರೆ.

ಪೂರ್ವಪಕ್ಷ: ಕಳೆದ ವರ್ಷ ಕ್ಲೇಮು ಜಾಸ್ತಿಯಾಯಿತು, ವಿಮಾ ಕಂಪನಿ ಪ್ರೀಮಿಯಂ ಏರಿಸಿತು, ನಾವೇನು ಮಾಡೋಣ? ಸಿದ್ಧಾಂತ: ವಾದ ಸರಿಯೇ. ವಿಮೆ ಇದ್ದವನು ಕಾಯಿಲೆ ಬೀಳಬಾರದೆಂಬ ಧರ್ಮ ಇದರಿಂದ ಸಿದ್ಧವಾಯಿತು.

ಸೂತ್ರ 2: ಕುಟುಂಬವು ಎರಡು ಬಗೆ.

ಭಾಷ್ಯ: ‘ನಾವೆಲ್ಲ ಒಂದೇ ಫ್ಯಾಮಿಲಿ’ ಎಂಬುದು ವಾರ್ಷಿಕ ಸಭೆಯ ಅದ್ವೈತ, ಇದರಲ್ಲಿ ಸಿಇಒ ಕೂಡ ಸೋದರನೇ. ಪಾಲಿಸಿಯದು ಶುದ್ಧ ದ್ವೈತ: ಗಂಡ, ಹೆಂಡತಿ, ಇಬ್ಬರು ಮಕ್ಕಳು. ಹೆತ್ತವರೂ ಬೇಕೆಂದರೆ ಸಂಬಳದಲ್ಲಿ ಪ್ರೀಮಿಯಂ ಕಡಿತ, ಮೇಲೆ ಬಿಲ್ಲಿನ ಒಂದು ಪಾಲು ಕೋ-ಪೇ.

ಸೂತ್ರ 3: ರೂಮು ಸಾವಿರದಲ್ಲಿ ತಪ್ಪಿದರೆ ಬಿಲ್ಲು ಹತ್ತು ಸಾವಿರಗಳಲ್ಲಿ ತಪ್ಪುವುದು.

ಭಾಷ್ಯ: ವಿಮೆ 5 ಲಕ್ಷ, ರೂಮ್ ಬಾಡಿಗೆ ಅದರ ಶೇ 1, ಎಂದರೆ ದಿನಕ್ಕೆ 5,000. ಸಿಕ್ಕಿದ್ದು 8,000ದ ರೂಮು. ದಿನಕ್ಕೆ ಮೂರು ಸಾವಿರ ಕೈಯಿಂದ ಹಾಕಿದರಾಯಿತು ಎಂಬುದು ಪಾಮರರ ಭ್ರಮೆ. ಸರ್ಜನ್ ಫೀಸು, ಓಟಿ ಚಾರ್ಜು ಸೇರಿ 1,60,000 ಆದರೆ ಅದಕ್ಕೂ ಎಂಟರಲ್ಲಿ ಐದು ಪಾಲಿನ ಲೆಕ್ಕವೇ, ಮಂಜೂರಾಗುವುದು 1,00,000. ಉಳಿದ 60,000 ರೋಗಿಯ ಸ್ವಾನುಭವ. ಇದಕ್ಕೆ ‘ಪ್ರಪೋರ್ಷನೇಟ್ ಡಿಡಕ್ಷನ್’ ಎಂದು ಹೆಸರು. ಔಷಧಿ, ಇಂಪ್ಲಾಂಟುಗಳಿಗೆ ಈ ಕತ್ತರಿ ಹಾಕುವಂತಿಲ್ಲ; ಆದರೆ ಗ್ಲೌಸು, ಮಾಸ್ಕುಗಳನ್ನು ಬೇರೆ ಪಟ್ಟಿ ನುಂಗುತ್ತದೆ.

ಉಪಸೂತ್ರ: ಡಿಸ್ಚಾರ್ಜಿಗೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಆಜ್ಞಾಪಿಸಿದೆ. ಆ ಗಡಿಯಾರ ಯಾವಾಗ ಶುರುವಾಗುತ್ತದೆಂಬ ಬಗ್ಗೆ ಕ್ಲೇಮು ನೋಡಿಕೊಳ್ಳುವ ಟಿಪಿಎ ಡೆಸ್ಕಿಗೂ ಬಿಲ್ಲಿಂಗ್ ಕೌಂಟರಿಗೂ ಮತಭೇದವಿದೆ. ರೋಗಿಯ ಕಡೆಯವರು ಎರಡೂ ಪಂಥಗಳ ನಡುವೆ ಪ್ರದಕ್ಷಿಣೆ ಹಾಕತಕ್ಕದ್ದು.

ಫಲಶ್ರುತಿ: ಈ ಶಾಸ್ತ್ರವನ್ನು ಶ್ರದ್ಧೆಯಿಂದ ಓದಿದವನು ಅಡ್ಮಿಷನ್ನಿಗೆ ಮೊದಲೇ ರೂಮಿನ ಮಿತಿ ಕೇಳಿ ತಿಳಿಯುವನು. ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಅವರ ಹೆಸರಿನಲ್ಲಿ ಬೇರೆ ಪಾಲಿಸಿ ಮಾಡಿಸುವನು. ಏಕೆಂದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಓದುಗರೇ, ಕಂಪನಿಯ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟ ದಿನಕ್ಕೇ ಮುಗಿಯುತ್ತದೆ. ಅಪ್ಪನ ಬಿಪಿ ಮುಗಿಯುವುದಿಲ್ಲ.